ಅಜ್ಜಿ ಹೇಳಿದ ಹತ್ತು

ಮೊನ್ನೆ ಉತ್ತರಹಳ್ಳಿ ಬಸ್ ಸ್ಟಾಪಿನ ಹತ್ತಿರದ ಅಂಗಡಿಯೊಂದರಲ್ಲಿ ಕಡಲೆಕಾಯಿ ಹಿಂಡಿಯ ಮೂಟೆ ಬಿಚ್ಚುತ್ತಿದ್ದರು. ಆ ಜಿಡ್ಡು ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಅಲ್ಲೇ ನಿಂತುಬಿಟ್ಟಿತು. ಹಿಂದೆ ಬರುತ್ತಿದ್ದ ಆಟೋದವನು ಹಾರ್ನ್ ಹೊಡೆದು, "ಏನ್ ಸಾರ್, ರೋಡಲ್ಲೇ ನಿದ್ದೆನಾ?" ಎಂದ. ನಿದ್ದೆಯಲ್ಲ... ಚಿಕ್ಕಲಸಂದ್ರದ ಅಜ್ಜಿ ನೆನಪಾಗಿದ್ದರು.

ಅವರ ಮನೆಯ ಮೇಲಿನ ಮಹಡಿಯಲ್ಲಿ ನಾನು ಆರು ವರ್ಷ ಬಾಡಿಗೆಗಿದ್ದೆ. ಹೊಲವೆಲ್ಲ ಎಂದೋ ಸೈಟುಗಳಾಗಿ ಹೋಗಿತ್ತು. ಆದರೂ ಅಜ್ಜಿ ಕಾಂಪೌಂಡಿನ ಮೂಲೆಯಲ್ಲಿ ಒಂದು ಹಸು ಕಟ್ಟಿಕೊಂಡಿದ್ದರು. ನನ್ನ ಹುಚ್ಚು ಬೇರೆಯದು: ಹ್ಯಾಂಗ್ ಗ್ಲೈಡರ್. ಎಂಜಿನ್ ಇಲ್ಲದ ದೊಡ್ಡ ರೆಕ್ಕೆ, ಅದರ ಕೆಳಗೆ ನೇತಾಡಿಕೊಂಡು ಬೆಟ್ಟದ ಮೇಲಿಂದ ಹಾರುವುದು. ಅಜ್ಜಿಯ ಬಾಯಲ್ಲಿ ಅದು "ಬಾವಲಿ ಕೆಲಸ".

ಒಂದು ವರ್ಷ ಇಳಿಯಬೇಕಾದ ಬಯಲು ತಲುಪಲಾಗದೆ ಬೇಲಿಯ ಮೇಲೆ ಬಿದ್ದು, ಬಲಗೈ ಮುರಿದುಕೊಂಡು ಮನೆಗೆ ಬಂದೆ. ಎಡಗೈಯಲ್ಲಿ ಮುದ್ದೆ ಮುರಿಯಲು ಒದ್ದಾಡುವುದನ್ನು ನೋಡಲಾರದೆ ಅಜ್ಜಿಯೇ ತುತ್ತು ಮಾಡಿ, ಸಾರಿಗೆ ಅದ್ದಿ, ತಟ್ಟೆಯಲ್ಲಿ ಇಟ್ಟುಕೊಡುತ್ತಿದ್ದರು. ಬೈಯುತ್ತಲೇ ಇಡುತ್ತಿದ್ದರು ಅನ್ನಿ. ಮೂಳೆ ಕೂಡಿಕೊಂಡಿತು, ಭಯ ಹೋಗಲಿಲ್ಲ. ಇನ್ನೂ ದೂರ ತೇಲುವ, ಸ್ಪರ್ಧೆಗೆಂದೇ ಮಾಡಿದ ಗ್ಲೈಡರ್ ಕೊಂಡರೆ ಭಯ ಹೋದೀತೆಂದು ಈ ದಡ್ಡ ತೀರ್ಮಾನಿಸಿದ.

ಮೂರು ಕಂಪನಿಗಳ ಮಾಹಿತಿ ಪತ್ರ ಪ್ರಿಂಟ್ ತೆಗೆಸಿ, ಬಿಸಿಲು ಕಾಯುತ್ತ ಮೆಟ್ಟಿಲ ಮೇಲೆ ಹರಡಿಕೊಂಡು ಕೂತೆ. ಒಂದು ಮೀಟರ್ ಕೆಳಗಿಳಿಯುವಷ್ಟರಲ್ಲಿ ಗ್ಲೈಡರ್ ಎಷ್ಟು ಮೀಟರ್ ಮುಂದೆ ಹೋಗುತ್ತದೆ ಎನ್ನುವ ಅಂಕಿ ಮೂರರಲ್ಲೂ ಇತ್ತು. ಒಬ್ಬರು ಅದು ಯಾವ ವೇಗದಲ್ಲಿ ಎಂದು ಬರೆದಿದ್ದರು, ಉಳಿದಿಬ್ಬರು ಬರೆದಿರಲಿಲ್ಲ. ನೇತಾಡಿದ ಮನುಷ್ಯನ ತೂಕ ಎಷ್ಟು, ಗಾಳಿ ಹೇಗಿತ್ತು, ಯಾರೂ ಹೇಳಿರಲಿಲ್ಲ. ಒಂದಕ್ಕೊಂದು ಹೋಲಿಸಲು ಹೋಗಿ ತಲೆ ಕೆಟ್ಟು ಗೊಬ್ಬರವಾಗಿತ್ತು.

ಅಜ್ಜಿ ಹುಲ್ಲು ಹಾಕಿ ಬಂದು ಪಕ್ಕದಲ್ಲಿ ಕೂತರು. ವಿವರಿಸಿದೆ. "ಅಳ್ದೋರು ಯಾರು?" ಎಂದರು.

"ಕಂಪನಿಯೋರೇ, ಅಜ್ಜಿ."

"ಅಂದ್ರೆ ಮಾರೋರು. ಮಾರೋನ್ ಬಾಯಲ್ಲಿ ಯಾವ ಹಸೂನೂ ಕಮ್ಮಿ ಕರೆಯಲ್ಲ ಕಣಪ್ಪ. ಸಂಜೆ ಹಾಲು ಕರೀದೆ ಬಿಟ್ಟು, ಬೆಳಗ್ಗೆ ಕೆಚ್ಚಲು ತೋರಿಸ್ತಾರೆ. ನಾನು ಮೂರು ಹೊತ್ತು ಅವ್ರ ಕೊಟ್ಟಿಗೇಲೇ ನಿಂತು, ನನ್ ಕೈಯಾರೆ ಕರೆದು ನೋಡಿ ಆಮೇಲೆ ಹಗ್ಗ ಹಿಡೀತಿದ್ದೆ. ನಿಂಗೆ ಎಷ್ಟು ಹೇಳವ್ರೆ?"

"ನಂಗೆ ಹಿಡಿಸಿರೋದಕ್ಕೆ ಹದಿನೈದು."

ಅಜ್ಜಿ ಸೆರಗಿಗೆ ಅಂಟಿದ್ದ ಹುಲ್ಲು ಕೊಡವಿಕೊಂಡರು. "ಹತ್ತು ಅಂತ ಇಟ್ಕೋ" ಎಂದರು.

ಅದೇ ಗ್ಲೈಡರ್ ಕೊಂಡೆ. ಮೂರು ಹೊತ್ತು ಕರೆದು ನೋಡಲು ಅದೇನು ಹಸುವೇ, ಕಾಗದ ನಂಬಿಯೇ ಕೊಂಡೆ. ಆದರೆ ಹಾರುವಾಗ ಎದುರಿಗಿರುವ ಪುಟ್ಟ ಉಪಕರಣಕ್ಕೆ ಆ ಅಂಕಿಯನ್ನು ಕೊಡಬೇಕು. ಇಷ್ಟು ಎತ್ತರದಿಂದ ಗುರಿ ಮುಟ್ಟುತ್ತೀಯೋ ಇಲ್ಲವೋ ಎಂದು ಅದು ಲೆಕ್ಕ ಹೇಳುತ್ತದೆ. ಹದಿನೈದು ಎಂದು ಒತ್ತಲು ಹೋದ ಬೆರಳು, ಯಾಕೋ ಹತ್ತು ಎಂದು ಒತ್ತಿತು.

ಮೊದಲ ಸ್ಪರ್ಧೆಯಲ್ಲಿ ಗುರಿ ಒಂದು ದೊಡ್ಡ ಕೆರೆಯ ಆಚೆ ದಡದಲ್ಲಿತ್ತು. ಕೆರೆ ಹತ್ತಿರವಾದಾಗ ಉಪಕರಣ, ಮುಟ್ಟುವುದಿಲ್ಲ ಎಂದಿತು. ಇದ್ದ ಎತ್ತರವನ್ನು ಕಾಗದದ ಹದಿನೈದರಿಂದ ಮನಸ್ಸಿನಲ್ಲೇ ಗುಣಿಸಿದೆ, ಆರಾಮಾಗಿ ಮುಟ್ಟುತ್ತಿದ್ದೆ. ರೆಕ್ಕೆಗೆ ನೇತುಹಾಕಿದ ಚೀಲದೊಳಗೆ ಸೊಂಟದವರೆಗೆ ಕಟ್ಟಿಸಿಕೊಂಡವನು ನೀರಿಗೆ ಬಿದ್ದರೆ ಏಳುವುದುಂಟೇ? ತಿರುಗಿಸಿ, ಈಚೆ ದಡದ ಹುರುಳಿ ಹೊಲದಲ್ಲಿ ಇಳಿದೆ. ನನಗಿಂತ ಎತ್ತರದಲ್ಲಿದ್ದವರೆಲ್ಲ ತಲೆಯ ಮೇಲೇ ದಾಟಿಹೋದರು. ಆ ದಿನ ಪಟ್ಟಿಯಲ್ಲಿ ನನ್ನದೇ ಕೊನೆಯ ಹೆಸರು.

ಊರಿಗೆ ಬಂದವನು ಅಜ್ಜಿಯ ಮೇಲೆ ಹರಿಹಾಯ್ದೆ. "ನಿಮ್ಮ ಹತ್ತು ನಂಬಿ ಮಾನ ಹೋಯ್ತು" ಎಂದೆ. ಅವರು ಎದ್ದು ಒಳಗೆ ಹೋದರು. ಒಂದು ವಾರ ಮಾತಿರಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ವಾರ ಕಳೆದು ಬಂದ ಭಾನುವಾರ ಉಪಕರಣದಲ್ಲಿ ದಾಖಲಾಗಿದ್ದ ಹಾರಾಟವನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ಎದುರುಗಾಳಿ, ಕೆಳಗೆಳೆಯುವ ಗಾಳಿ ಎಲ್ಲ ಸೇರಿ, ಕೆರೆಯ ಕಡೆ ಹೋಗುವಾಗ ನನ್ನ ರೆಕ್ಕೆ ಹತ್ತಕ್ಕೂ ಒಂದಿಷ್ಟು ಕಮ್ಮಿಯೇ ತೇಲಿತ್ತು. ತಿರುಗದೆ ಹೋಗಿದ್ದರೆ ಎಂದು ಹಾರಾಟದ ಅದೇ ಗೆರೆಯನ್ನು ನಕ್ಷೆಯ ಮೇಲೆ ಮುಂದಕ್ಕೆ ಎಳೆದೆ. ಅದು ಸರಿಯಾಗಿ ನಡುನೀರಿನಲ್ಲಿ ಮುಗಿಯಿತು. ಚಪ್ಪಲಿಯನ್ನೂ ಹಾಕದೆ ಕೆಳಗೆ ಓಡಿದೆ.

ಅಜ್ಜಿ ಹಿಂಡಿ ನೆನೆಹಾಕುತ್ತಿದ್ದರು. "ನೀವು ಹೇಳಿದ್ದೇ ಸರಿ ಅಜ್ಜಿ. ಆ ಹತ್ತು ಹೇಗೆ ಲೆಕ್ಕ ಹಾಕಿದ್ರಿ?" ಎಂದೆ.

"ಲೆಕ್ಕವಾ?" ಅವರು ಕೈ ಒರೆಸಿಕೊಂಡರು. "ನಂಗೆ ಹಸು ಗೊತ್ತು. ನಿನ್ ರೆಕ್ಕೆ ವಿಚಾರ ನಂಗೇನ್ ಗೊತ್ತಪ್ಪ? ಅವತ್ತು ಕಾಗದ ತಿರುವ್ವಾಗ ನಿನ್ ಕೈ ಇನ್ನೂ ನಡುಗ್ತಿತ್ತು. ನಂಗೆ ಭಯ ಆಯ್ತು. ಬಾಯಿಗ್ ಬಂದಿದ್ದು ಹೇಳ್ದೆ. ಎಂಟು ಅನ್ನೋಣ ಅಂದ್ಕೊಂಡೆ, ನೀನು ನಂಬ್ತಿರ್ಲಿಲ್ಲ."

ಅದಾದ ಮರುವರ್ಷ ಅಜ್ಜಿ ತೀರಿಕೊಂಡರು. ಎರಡು ದಿನ ಜ್ವರ, ಅಷ್ಟೇ... ಹಸುವನ್ನು ಅವರ ಮಗಳು ಹುಳಿಮಾವಿನ ಕಡೆ ಯಾರಿಗೋ ಕೊಟ್ಟರು. ನಾನೂ ಮನೆ ಬದಲಾಯಿಸಿದೆ.

ಈಗ ಬೇರೆ ಗ್ಲೈಡರ್ ತಂದಿದ್ದೇನೆ. ಈ ಸಲ ನಾಲ್ಕು ಕಂಪನಿಗಳನ್ನು ಹೋಲಿಸಿ ನೋಡಿದೆ. ವೇಗ, ತೂಕ, ಅಳೆದವರು ಯಾರು, ಎಲ್ಲವನ್ನೂ ಪತ್ರ ಬರೆದು ಕೇಳಿ ತಿಳಿದುಕೊಂಡೆ. ಮುಂದಿನ ಭಾನುವಾರ ಸ್ಪರ್ಧೆ. ಉಪಕರಣ ತೊಡೆಯ ಮೇಲಿಟ್ಟುಕೊಂಡು ಬೆಳಗಿನಿಂದ ಕೂತಿದ್ದೇನೆ. ಹದಿಮೂರು ಒತ್ತುತ್ತೇನೆ, ಅಳಿಸುತ್ತೇನೆ. ಹನ್ನೊಂದು ಒತ್ತುತ್ತೇನೆ. ನನ್ನ ಕೈ ನೋಡಿ ಹೆದರಿಕೊಂಡು ಒಂದು ಅಂಕಿ ಹೇಳುವವರು ಈಗ ಯಾರೂ ಇಲ್ಲ.