ದಾಸವಾಳದ ನಾಮಕರಣ

ಹದಿನೆಂಟು ವರ್ಷ ಸಂಸಾರ ಮಾಡಿದ ಮೇಲೂ ನಾನು ನನ್ನ ಹೆಂಡತಿಯನ್ನು ಒಂದು ಸಲವಾದರೂ ಹೆಸರು ಹಿಡಿದು ಕರೆದಿರಲಿಲ್ಲ ಎಂದರೆ ಈಗಿನವರು ನನ್ನನ್ನು ಯಾವುದಾದರೂ ಮ್ಯೂಸಿಯಮ್ಮಿಗೆ ಸೇರಿಸಿಯಾರು. ನಮ್ಮಿಬ್ಬರಿಗೆ ಜಗಳವೇನೂ ಇರಲಿಲ್ಲ. ನಮ್ಮ ಮೈಸೂರಿನ ಮನೆಯಲ್ಲಿ ಹದಿನಾಲ್ಕು ಜನ. ಅಪ್ಪ, ದೊಡ್ಡಪ್ಪ, ಸೋದರತ್ತೆಯರ ಎದುರಿಗೆ ಹೊಸ ಹೆಂಡತಿಯ ಹೆಸರು ಕೂಗುವುದೆಂದರೆ ನಡುಬೀದಿಯಲ್ಲಿ ನಿಂತು ಹಾಡು ಹೇಳಿದಷ್ಟು ನಾಚಿಕೆಗೇಡು. ಹಾಗಾಗಿ ‘ಇವಳೇ’, ‘ನೋಡಿಲ್ಲಿ’, ‘ಕೇಳಿಸ್ತಾ’ ಈ ಮೂರರಲ್ಲೇ ಸಂಸಾರ ಸಾಗಿತು. ಆಮೇಲೆ ಬ್ಯಾಂಕಿನವರು ತಿರುವನಂತಪುರಕ್ಕೆ ವರ್ಗ ಮಾಡಿದರು. ಅಲ್ಲಿನ ಪಟ್ಟಂ ಬಡಾವಣೆಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ನಾಚಿಕೊಳ್ಳೋಣವೆಂದರೆ ಎದುರಿಗೆ ಹಲ್ಲಿಯ ಹೊರತು ಯಾರೂ ಇಲ್ಲ. ಆದರೂ ನನ್ನ ನಾಲಿಗೆಗೆ ವರ್ಗಾವಣೆಯ ಆರ್ಡರು ತಲುಪಿರಲಿಲ್ಲ.

ಇದಕ್ಕೂ ದಾಸವಾಳಕ್ಕೂ ಏನು ಸಂಬಂಧ ಎನ್ನುತ್ತೀರಿ. ಅಲ್ಲಿಗೇ ಬರುತ್ತಿದ್ದೇನೆ, ಸ್ವಲ್ಪ ಬಳಸಿಕೊಂಡು ಬರಬೇಕು.

ತೊಂಬತ್ತರ ದಶಕದ ಮೊದಲ ವರ್ಷಗಳು. ಊರಿನ ಪೇಟೆಬೀದಿ ಈಸ್ಟ್ ಫೋರ್ಟಿನ ಫುಟ್‌ಪಾತಿನಲ್ಲಿ ನನಗೊಂದು ಹಳೆಯ ಇಂಗ್ಲಿಷ್ ತೋಟಗಾರಿಕೆಯ ಪತ್ರಿಕೆ ಸಿಕ್ಕಿತು. ಅದರ ತುಂಬ ಐರಿಸ್ ಹೂವಿನ ಸಮಾಚಾರ. ವಿದೇಶದಲ್ಲಿ ರಿಟೈರಾದ ಜಡ್ಜುಗಳು, ಪಾದ್ರಿಗಳು ಎರಡು ಐರಿಸ್‌ಗಳನ್ನು ಕೂಡಿಸಿ, ವರ್ಷಗಟ್ಟಲೆ ಕಾದು, ಹುಟ್ಟಿದ ಹೊಸ ಹೂವಿಗೆ ಹೆಸರಿಡುತ್ತಾರಂತೆ. ಒಂದಕ್ಕೆ ಬೆಳದಿಂಗಳ ಹೆಸರು, ಒಂದಕ್ಕೆ ಅತ್ತೆಯ ಹೆಸರು. ಬ್ಯಾಂಕಿನಲ್ಲಿ ಬೇರೆಯವರು ಹುಟ್ಟಿಸಿದ ಕಾಗದಕ್ಕೆ ಸಹಿ ಹಾಕುವುದೇ ಕಸುಬಾಗಿದ್ದ ನನಗೆ ಹುಚ್ಚು ಹಿಡಿಯಿತು. ಊಟಿಯ ನರ್ಸರಿಯೊಂದಕ್ಕೆ ಮನಿಯಾರ್ಡರ್ ಮಾಡಿ ನಾಲ್ಕು ಗಡ್ಡೆ ತರಿಸಿದೆ. ನೋಡಲಿಕ್ಕೆ ಥೇಟ್ ಶುಂಠಿ. ಅವಕ್ಕೆ ಚಳಿ ಬೇಕು. ತಿರುವನಂತಪುರದಲ್ಲಿ ಚಳಿ ಇರುವುದು ನಮ್ಮ ಮ್ಯಾನೇಜರ ಕೋಣೆಯಲ್ಲಿ ಮಾತ್ರ. ಮೊದಲ ಮಳೆಗೇ ನಾಲ್ಕೂ ಕೊಳೆತವು.

ಪಕ್ಕದ ಮನೆಯ ಅಮ್ಮಿಣಿ ಟೀಚರ್ ಕಾಂಪೌಂಡಿನಾಚೆಯಿಂದ ಈ ಶವಸಂಸ್ಕಾರ ನೋಡುತ್ತಿದ್ದರು. ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಹೆಂಗಸು. “ಸಾರೇ, ಚೆಂಬರತ್ತಿ ಮದಿ” ಎಂದರು. ಚೆಂಬರತ್ತಿ ಎಂದರೆ ನಮ್ಮ ದಾಸವಾಳ, ಮದಿ ಎಂದರೆ ಸಾಕು. ಅವರು ತಾವೇ ಕೂಡಿಸಿ ಬೆಳೆದ ಗಿಡಗಳಿಗೆಲ್ಲ ಮೊಮ್ಮಕ್ಕಳ ಹೆಸರಿಟ್ಟಿದ್ದರು. ಎಂಟನೆಯ ಗಿಡ ಹೂಬಿಡುವ ಹೊತ್ತಿಗೆ ಮೊಮ್ಮಕ್ಕಳು ಮುಗಿದುಹೋಗಿದ್ದರಿಂದ, ಮುಂದೇನು ಆಲೋಚನೆ ಎಂದು ಮಗಳಿಗೆ ಪತ್ರ ಬರೆದು ಉತ್ತರಕ್ಕೆ ಕಾಯುತ್ತಿದ್ದರು.

ಕೆಲಸ ಕಷ್ಟದ್ದಲ್ಲ. ಒಂದು ಹೂವಿನ ಹಳದಿ ಪುಡಿಯನ್ನು ಬೆಳಿಗ್ಗೆ ಇನ್ನೊಂದು ಹೂವಿನ ತುದಿಯ ಐದು ಪುಟ್ಟ ಗುಂಡುಗಳಿಗೆ ಸವರುವುದು, ಗುರುತಿಗೆ ತೊಟ್ಟಿಗೊಂದು ದಾರ ಕಟ್ಟುವುದು, ಕಾಯಿ ಕಟ್ಟಲಿ ಎಂದು ಕಾಯುವುದು. ತಾಯಿಗಿಡ ನಮ್ಮ ಅಂಗಳದ್ದೇ, ಕೆಂಪು. ಗಂಡಿನ ಕಡೆಯವರು ಫೋರ್ಟ್ ಕೊಚ್ಚಿಯವರು. ಕೊಚ್ಚಿಯ ಶಾಖೆಗೆ ತನಿಖೆಗೆಂದು ಹೋಗಿದ್ದಾಗ ಒಂದು ಹಳೆಯ ಮನೆಯ ಗೋಡೆ ಮೇಲೆ ಅರಿಸಿನ ಬಣ್ಣದ ದಾಸವಾಳ ನೋಡಿ, ಬಾಗಿಲು ತಟ್ಟಿ, ಕೈಮುಗಿದು ಒಂದು ಟೊಂಗೆ ಕೇಳಿದೆ. ಒದ್ದೆ ಪೇಪರಿನಲ್ಲಿ ಸುತ್ತಿ ರೈಲಿನಲ್ಲಿ ಐದು ಗಂಟೆ ತೊಡೆಯ ಮೇಲಿಟ್ಟುಕೊಂಡು ಬಂದೆ. ನಮ್ಮ ಮದುವೆಗೆ ಹೆಣ್ಣು ನೋಡಲು ಹೋದಾಗಲೂ ನಾನು ಅಷ್ಟು ಹುಷಾರಾಗಿ ಕೂತಿರಲಿಲ್ಲ. ಅದು ಬೇರು ಬಿಟ್ಟು ಹೂ ಬಿಡಲು ವರ್ಷವೇ ಹಿಡಿಯಿತು.

ಒಂದು ವಾರ ದಿನಾ ಬೆಳಿಗ್ಗೆ ಪುಡಿ ಸವರಿ ಕೆಂಪು ದಾರ ಕಟ್ಟಿ ಬ್ಯಾಂಕಿಗೆ ಹೋದೆ. ಸಂಜೆ ಬಂದು ನೋಡಿದರೆ ದಾರವೂ ಇಲ್ಲ, ಹೂವೂ ಇಲ್ಲ. ಟೀಚರ್ ಮನೆಯ ಕೋಳಿಗಳ ಮೇಲೆ ನನಗೆ ಅನುಮಾನ ಬಂತು. ಭಾನುವಾರ ಸ್ನಾನ ಮಾಡಿ ದೇವರ ಮುಂದೆ ನಿಂತಾಗ ಗುಟ್ಟು ರಟ್ಟಾಯಿತು. ನನ್ನ ವಿಜ್ಞಾನವೆಲ್ಲ ದಾರದ ಸಮೇತ ದೇವಿಯ ಫೋಟೋ ಮೇಲೆ ಕೆಂಪಗೆ ಕೂತಿತ್ತು.

“ಹರಕೆ ಕಟ್ಟಿದೀರ ಅಂದ್ಕೊಂಡೆ ರೀ” ಎಂದಳು ಇವಳು. “ಪ್ರಮೋಷನ್‌ಗೆ ಇರಬೇಕು, ಹೇಳ್ಕೊಳ್ಳೋಕೆ ಸಂಕೋಚ ಅಂತ, ಬೇರೆ ಹೂ ಮುಟ್ಟದೆ ದಾರ ಇರೋದನ್ನೇ ಹುಡುಕಿ ಹುಡುಕಿ ಏರಿಸಿದೆ.”

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ಕೇಳಿದಳು: “ಹುಟ್ಟೋ ಹೂವಿಗೆ ಹೆಸರು ಯಾರಿಡೋದು?”

“ನಾನೇ.”

“ಹಾಗಾದ್ರೆ ನನ್ನ ಹೆಸರಿಡಿ. ಹಾಗಾದ್ರೂ ನಿಮ್ಮ ಬಾಯಲ್ಲಿ ಬರತ್ತೆ.”

ಈಗ ನಗುವ ಸರದಿ ನನ್ನದು ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. “ಹೆಸರು ಹಿಡಿದು ಕರೀತಿದ್ದೋರು ಅಪ್ಪ ಅಮ್ಮ. ಅವರಿಬ್ಬರೂ ಹೋದ್ರು. ಮೈಸೂರಲ್ಲಿ ಎಲ್ಲರಿಗೂ ಅತ್ತಿಗೆ, ಇಲ್ಲಿ ಎಲ್ಲರಿಗೂ ಚೇಚಿ. ಒಂದೊಂದು ದಿನ ರೇಷನ್ ಕಾರ್ಡ್ ತೆಗೆದು ಓದ್ಕೋತೀನಿ, ಮರೆತುಹೋದೀತು ಅಂತ.”

ತಮಾಷೆಯ ದನಿಯಲ್ಲೇ ಹೇಳಿದಳು. ನನಗೆ ಮಾತ್ರ ಎದೆಗೆ ನಾಟಿತು. ಹದಿನೆಂಟು ವರ್ಷದಲ್ಲಿ ಸೀರೆ ಕೇಳಿದವಳಲ್ಲ, ಒಡವೆ ಕೇಳಿದವಳಲ್ಲ. ಕೇಳಿದ್ದು ತನ್ನದೇ ಹೆಸರನ್ನು. ಇಡುತ್ತೇನೆ, ಎಲ್ಲರೆದುರಿಗೂ ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಹೂವಿಗೆ ಮನುಷ್ಯರ ಹೆಸರಿಡುವುದೇ ಒಂದು ವಿಚಿತ್ರ. ಗುಲಾಬಿಗೆ ರಾಣಿಯರ ಹೆಸರಿದೆ. ನೀಲಂ ಮಾವನ್ನೂ ದಶೇರಿಯನ್ನೂ ಕೂಡಿಸಿ ಹುಟ್ಟಿಸಿದ ಹಣ್ಣಿಗೆ ಮಲ್ಲಿಕಾ ಎಂದು ಚೆಂದದ ಹೆಣ್ಣಿನ ಹೆಸರಿಟ್ಟರು. ದಾಸವಾಳ, ಹತ್ತಿ, ಬೆಂಡೆಕಾಯಿ ಮೂರೂ ಒಂದೇ ಕುಟುಂಬದವು. ಆದರೂ ಇಂದಿನವರೆಗೆ ಯಾರೂ ಬೆಂಡೆಕಾಯಿಗೆ ಹೆಂಡತಿಯ ಹೆಸರಿಟ್ಟದ್ದು ಕೇಳಿಲ್ಲ. ಇಟ್ಟವನು ಬದುಕಿ ಉಳಿದಿಲ್ಲವೋ ಏನೋ.

ಮತ್ತೆ ಪುಡಿ ಸವರಿ ದಾರ ಕಟ್ಟಿದೆ. ಈ ಸಲ ಹೂ ದೇವರ ಪಾಲಾಗದೆ ಉಳಿದು ಕಾಯಿ ಕಟ್ಟಿತು. ಬೀಜ ಮೊಳೆತು ಆರು ಸಸಿಗಳಾದವು. ಒಂದೂವರೆ ವರ್ಷದಲ್ಲಿ ಐದು ಸಸಿಗಳು ಅಮ್ಮನ ಹಾಗೆ ಕೆಂಪು ಹೂ ಬಿಟ್ಟು ಕೈತೊಳೆದುಕೊಂಡವು. ಆರನೆಯದು ಮಾತ್ರ ಅಂಚಿನಲ್ಲಿ ಅರಿಸಿನ, ಒಳಗೆ ಕುಂಕುಮ. ಟೀಚರ್ ಕನ್ನಡಕ ಒರೆಸಿಕೊಂಡು ನೋಡಿ, ಊರಿನ ಪುಷ್ಪಪ್ರದರ್ಶನಕ್ಕೆ ಕೊಡಲೇಬೇಕು ಎಂದು ಫಾರಂ ತಂದುಕೊಟ್ಟರು. ಅದರಲ್ಲಿ ಹೂವಿನ ಹೆಸರು ಎಂಬ ಒಂದು ಕಲಂ.

ಪೆನ್ನು ಹಿಡಿದೆ. ಹಾಳಾದ ಸಂಕೋಚ. ಟೀಚರ್ ಓದುತ್ತಾರೆ, ಬ್ಯಾಂಕಿನವರು ಬಂದು ಓದುತ್ತಾರೆ, ನಾಳೆ ಕ್ಯಾಷಿಯರ್ ಹಲ್ಲು ಕಿರಿಯುತ್ತಾನೆ. ‘ಶ್ರೀಮತಿ’ ಎಂದು ಬರೆದೆ. ಇವಳು ಹೆಗಲ ಮೇಲಿಂದ ಬಗ್ಗಿ ನೋಡಿದಳು. “ಇದು ಯಾರ ಹೆಂಡ್ತಿಗಾದ್ರೂ ಆಗತ್ತೆ” ಎಂದು ಒಳಗೆ ಹೋಗಿ ಬೇಳೆ ಆರಿಸತೊಡಗಿದಳು. ನಾನು ಅದನ್ನು ಹೊಡೆದುಹಾಕಿ ಕಲಂ ಖಾಲಿ ಬಿಟ್ಟೆ. ಆಮೇಲೆ ಒಂದು ವಾರ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡಿದೆ. ನೀರಿನ ಸದ್ದಿದ್ದಾಗ ಹೆಸರು ಸಲೀಸಾಗಿ ಬರುತ್ತಿತ್ತು, ನಲ್ಲಿ ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು.

ಪ್ರದರ್ಶನದ ದಿನ ಬೆಳಿಗ್ಗೆ ದೇವರ ದಯೆಯಿಂದ ಒಂದೇ ಒಂದು ಹೂ ಅರಳಿತ್ತು. ಉಪ್ಪಿನಕಾಯಿ ಬಾಟಲಿಯಲ್ಲಿ ನೀರು ತುಂಬಿ, ಹೂವಿಟ್ಟು, ಆಟೋದಲ್ಲಿ ಹೋದೆವು. ಚಪ್ಪರದ ತುಂಬ ಜನ, ಧ್ವನಿವರ್ಧಕದ ಗಲಾಟೆ. ಇವಳು ನನ್ನ ಖಾಲಿ ಕಲಮ್ಮನ್ನು ಒಂದು ಸಲ ನೋಡಿ, ಎರಡು ಸಾಲಿನಾಚೆ ಆಂಥೂರಿಯಂ ನೋಡುತ್ತೇನೆ ಎಂದು ಹೊರಟುಹೋದಳು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಮೇಜಿನ ಹಿಂದಿದ್ದ ಹೆಂಗಸು ರಿಜಿಸ್ಟರಿನಿಂದ ತಲೆಯೆತ್ತದೆ, “ಪೇರೆಂದಾ?” ಎಂದು ಹೆಸರು ಕೇಳಿದರು. ನಾನು ನನ್ನ ಹೆಸರು ಹೇಳಿದೆ. ನಿಮ್ಮದಲ್ಲ ಸಾರೇ, ಹೂವಿನದು ಎಂದರು.

“ಜಾನಕಿ.”

ಕೇಳಿಸಲಿಲ್ಲ ಎಂದು ಕೈಸನ್ನೆ ಮಾಡಿದರು. ಇನ್ನೊಂದು ಸಲ ಹೇಳಿದೆ. ಆಗಲೂ ಕೇಳಿಸಲಿಲ್ಲ. ಹಿಂದಿನ ಸಾಲಿನವರು ಗೊಣಗತೊಡಗಿದರು. ನನಗೆ ಎಲ್ಲಿಂದ ಸಿಟ್ಟು ಬಂತೋ, ಎಲ್ಲಿಂದ ಧೈರ್ಯ ಬಂತೋ ತಿಳಿಯದು. ಬಾಟಲಿ ಎತ್ತಿಹಿಡಿದು ಇಡೀ ಚಪ್ಪರಕ್ಕೆ ಕೇಳುವ ಹಾಗೆ, “ಜಾನಕಿ” ಎಂದು ಕೂಗಿದೆ.

“ಬಂದೇ” ಎಂದಿತು ಎರಡು ಸಾಲಿನಾಚೆಯಿಂದ ಒಂದು ದನಿ.

ಜನರನ್ನು ಸರಿಸಿಕೊಂಡು, ಸೆರಗು ಸರಿಮಾಡಿಕೊಂಡು ಬಂದಳು. ಹತ್ತು ವರ್ಷ ಚಿಕ್ಕವಳಾಗಿ ಕಂಡಳು. “ಕರೆದಿದ್ದು ನನ್ನನ್ನೋ, ಹೂವನ್ನೋ?” ಎಂದು ಕೇಳಿದಳು. ರಿಜಿಸ್ಟರಿನ ಹೆಂಗಸಿಗೆ ಏನು ಅರ್ಥವಾಯಿತೋ, ಪೆನ್ನು ಕೆಳಗಿಟ್ಟು ನನ್ನ ಉತ್ತರಕ್ಕೆ ಕಾದರು.

“ನಿನ್ನನ್ನೇ” ಎಂದೆ.

ಬಹುಮಾನ ಯಾರದೋ ಡೇಲಿಯಾಕ್ಕೆ ಹೋಯಿತು. ನಮ್ಮ ಹೂ, ದಾಸವಾಳದ ಜಾತಿಯಲ್ಲವೇ, ಸಂಜೆಗೇ ಮುದುಡಿತು. ಅಂದಿನಿಂದ ನಾನು ಮನೆಯಲ್ಲಿ ಹೆಸರು ಹಿಡಿದೇ ಕರೆಯುತ್ತಿದ್ದೇನೆ. ಅದರಿಂದಾದ ತೊಂದರೆ ಒಂದೇ. ಮೊದಲು ‘ಇವಳೇ’ ಎಂದರೆ ಓಡಿ ಬರುತ್ತಿದ್ದವಳು, ಈಗ ಒಂದು ಸಲ ಕರೆದರೆ ಬರುವುದಿಲ್ಲ. ಕೇಳಿಸಿಯೇ ಇರುತ್ತದೆ, ನನಗೆ ಗೊತ್ತು. ಇನ್ನೊಂದು ಸಲ ಕರೆಯಲಿ ಎಂದು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿರುತ್ತಾಳೆ.