ಚಳಿ ಹಿಡಿದ ಇಸ್ತ್ರಿ ಅಕ್ಕ

ಇಸ್ತ್ರಿ ಅಕ್ಕ ಲಾಂಡ್ರಿಯೊಳಗೆ ಸ್ವೆಟರ್ ಹಾಕಿಕೊಂಡು ನಿಲ್ಲತೊಡಗಿದಾಗಲೇ ನಮಗೆ ಅನುಮಾನ ಬರಬೇಕಿತ್ತು. ಆ ಕೋಣೆಯಲ್ಲಿ ಸಾಲಾಗಿ ಇಸ್ತ್ರಿಪೆಟ್ಟಿಗೆಗಳು, ಮೂಲೆಯಲ್ಲಿ ಬಾಯ್ಲರ್, ಇರುವುದು ಒಂದೇ ಕಿಟಕಿ. ಉಳಿದವರೆಲ್ಲ ಬೆವರಿ ತೊಪ್ಪೆಯಾಗಿ, ಹಣೆಗೆ ಬಟ್ಟೆ ಬಿಗಿದುಕೊಂಡು ಕೆಲಸ ಮಾಡುತ್ತಿದ್ದರು. ಕಾಲರಿನ ಮೇಲೆ ಬೆವರು ಬಿದ್ದರೆ ಆ ಅಂಗಿಯನ್ನು ಮತ್ತೆ ಒಗೆಯಬೇಕು, ಅದು ಮಾಲೀಕನ ಕಾನೂನು. ಅಕ್ಕ ಮಾತ್ರ ಪೆಟ್ಟಿಗೆ ಎತ್ತಿಟ್ಟಾಗೆಲ್ಲ ಅದರ ಬಿಸಿಗೆ ಅಂಗೈ ಒಡ್ಡುತ್ತಿದ್ದಳು.

ಮೊದಲು ಹೀಗಿರಲಿಲ್ಲ. ಕಾರ್ಮಿಕ ಸಂಘದ ಮೆರವಣಿಗೆಯಲ್ಲಿ ಮುಂದಿನ ಸಾಲು ಅವಳದು. ತಳ್ಳಲು ಬಂದ ಪೊಲೀಸರೇ ಹಿಂದೆ ಜರುಗುವಂಥ ಮೈಕಟ್ಟು. ಆ ಮೈಗೆ ಮಾಲೀಕ 'ಪೀಪಾಯಿ' ಎಂದು ಹೆಸರಿಟ್ಟ. ಲಾಠಿಗೆ ಬಗ್ಗದವಳು ಆ ಒಂದು ಮಾತಿಗೆ ಬಗ್ಗಿಬಿಟ್ಟಳು. ಬೆಳಗ್ಗೆ ಓಟ, ಸಂಜೆ ಓಟ, ನಡುವೆ ದಿನವಿಡೀ ನಿಂತ ಕೆಲಸ. ಊಟ ಅಂದರೆ ಎರಡು ತುತ್ತು, ಅದೂ ಅಮ್ಮನ ಕಣ್ಣಿಗೆ ಮಣ್ಣೆರಚುವುದಕ್ಕೆ. ವರ್ಷ ಕಳೆಯುವಷ್ಟರಲ್ಲಿ ಪೀಪಾಯಿ ಹೋಗಿ ಕಡ್ಡಿ ಉಳಿಯಿತು. ಊರೆಲ್ಲ ಹೊಗಳಿತು. ಮಾಲೀಕನೂ ಹೊಗಳಿದ.

ಆಮೇಲೆ ತಲೆಗೂದಲು ಬಾಚಣಿಗೆಗೆ ಬರತೊಡಗಿತು. ಮುಟ್ಟು ನಿಂತಿತು. ಮಲ ಕಟ್ಟಿಕೊಂಡು ಕಕ್ಕಸಿನಲ್ಲಿ ಧರಣಿ ಕೂರುವ ಸ್ಥಿತಿ ಬಂತು.

"ಎದ್ದು ಬಾರೇ, ಇವತ್ತು ನಿನ್ನ ಬೇಡಿಕೆ ಈಡೇರಲ್ಲ," ಎಂದು ಅಮ್ಮ ಬಾಗಿಲ ಹೊರಗಿನಿಂದ ಹೇಳುತ್ತಿದ್ದಳು.

ಕೈ ನಿಧಾನವಾಯಿತು, ತಲೆ ಮಂಕಾಯಿತು. ಒಂದರ ಹಿಂದೆ ಒಂದು ಎರಡು ಅಂಗಿ ಸುಟ್ಟಳು. "ಇನ್ನೊಂದು ಸುಟ್ಟರೆ ಮನೇಲೇ ಇದ್ದುಬಿಡು," ಎಂದ ಮಾಲೀಕ. ಅಕ್ಕನಿಗೆ ಬರುವುದು ಅದೊಂದೇ ಕೆಲಸ. ಹೆದರಿ ಆಸ್ಪತ್ರೆಗೆ ಹೋದಳು.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಹಾರ್ಮೋನು ತಗ್ಗಿತ್ತು.

"ಹಾಗಾದ್ರೆ ಮಾತ್ರೆ ಕೊಡಿ ಮೇಡಂ, ನುಂಗಿಕೊಂಡು ಓಡ್ತೀನಿ."

"ಮಾತ್ರೆ ಬೇಡ. ಗ್ರಂಥಿ ಕೆಟ್ಟಿಲ್ಲ. ನೀವು ತಿನ್ನಲ್ಲ, ಅದರ ಮೇಲೆ ಓಡ್ತೀರಿ. ಇರೋದರಲ್ಲೇ ಜೀವ ಉಳಿಸೋಣ ಅಂತ ಮೈ ತನ್ನ ಬಿಸಿ ಸಮೇತ ಎಲ್ಲಾನೂ ತಗ್ಗಿಸಿಕೊಂಡಿದೆ."

ಅಕ್ಕ ಯೋಚಿಸಿದಳು. "ಅಂದ್ರೆ, ಕೂಲಿ ಕೊಡದೆ ದುಡಿಸಿದ್ದಕ್ಕೆ ಒಳಗೆ ಮುಷ್ಕರ ನಡೀತಿದೆ ಅನ್ನಿ."

"ಹೂಂ. ಅಲ್ಲಿ ಮಾಲೀಕರು ನೀವೇ."

ಪೀಪಾಯಿ ಅನ್ನಿಸಿಕೊಂಡಾಗಲೂ ಅಷ್ಟು ಚುಚ್ಚಿರಲಿಲ್ಲ. ಜೀವಮಾನವಿಡೀ ಮಾಲೀಕರಿಗೆ ಧಿಕ್ಕಾರ ಕೂಗಿದ ಹೆಂಗಸು ಬಾಯಿ ಮುಚ್ಚಿಕೊಂಡು ಮನೆಗೆ ಬಂದಳು.

ಓಟದ ಬೂಟುಗಳನ್ನು ಅಮ್ಮ ತನ್ನ ಹಾಸಿಗೆಯ ಕೆಳಗಿಟ್ಟು ಅದರ ಮೇಲೇ ಮಲಗಿದಳು. ಊಟದ ಹೊತ್ತಿಗೆ ಎದುರಿಗೇ ಕೂರುತ್ತಿದ್ದಳು.

"ನುಂಗು. ಕೆನ್ನೇಲಿ ಇಟ್ಕೊಂಡ್ರೆ ನಾನು ಸಾಯೋವರೆಗೂ ಇಲ್ಲೇ ಕೂತಿರ್ತೀನಿ."

"ಹೊಟ್ಟೆ ಉಬ್ಬರಿಸ್ತಿದೆ ಅಮ್ಮ."

"ಉಬ್ಬಲಿ. ನೀನು ಹುಟ್ಟೋ ಮುಂಚೆ ನನ್ನದೂ ಉಬ್ಬಿತ್ತು, ಸತ್ತೋದ್ನಾ?"

ಮೊದಮೊದಲು ಅಕ್ಕ ಕನ್ನಡಿಗೆ ಬೆನ್ನು ಹಾಕಿ ಅತ್ತಳು. ಒಮ್ಮೆ ಕದ್ದು ಚಪ್ಪಲಿಯಲ್ಲೇ ಓಡಲು ಹೋಗಿ, ಬೀದಿಯ ಕೊನೆಯಲ್ಲಿ ಅದರ ಉಂಗುಷ್ಠ ಕಿತ್ತು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ವಾಪಸು ಬಂದಳು. ಅಮ್ಮ ತಟ್ಟೆ ತಂದಿಟ್ಟಳು. ತಿಂಗಳುಗಳು ಹೀಗೇ ಕಳೆದವು. ಮೊದಲು ಕಕ್ಕಸಿನ ಧರಣಿ ಮುಗಿಯಿತು. ಆಮೇಲೆ ಮುಟ್ಟು ಬಂತು. ರಕ್ತ ಪರೀಕ್ಷೆಯ ಚೀಟಿ ನೋಡಿ ಡಾಕ್ಟರಮ್ಮ, "ಮುಷ್ಕರ ವಾಪಸ್," ಎಂದರು.

ಅಕ್ಕ ನಂಬಲಿಲ್ಲ. ಸ್ವೆಟರ್ ಬಿಡಲಿಲ್ಲ. ಆದರೆ ಅದೇ ವಾರ, ಬಿಳಿ ಅಂಗಿಯೊಂದರ ಕಾಲರ್ ಮುಗಿಸುತ್ತಿರುವಾಗ ಅವಳ ಮೂಗಿನ ತುದಿಯಿಂದ ಟಪ್ಪೆಂದು ಒಂದು ಹನಿ ಬಿತ್ತು. ಅವಳು ಪೆಟ್ಟಿಗೆ ಬದಿಗಿಟ್ಟು ಅದನ್ನೇ ನೋಡುತ್ತ ನಿಂತಳು.

ಮಾಲೀಕ ಬಂದ. "ಯಾರ ಬೆವರು ಇದು?"

"ನಂದು ಸಾರ್."

"ಮತ್ತೆ ಪೀಪಾಯಿ ಆಗೋ ಹಾಗಿದೆ."

"ಹೂಂ ಸಾರ್. ಬರೋ ತಿಂಗಳು ಮೆರವಣಿಗೆ ಇದೆ."

ಆ ಅಂಗಿ ಮತ್ತೆ ಒಗೆಯಲು ಹೋಯಿತು. ಅಕ್ಕ ಸ್ವೆಟರನ್ನೂ ಬಿಚ್ಚಿ ಅದರ ಜೊತೆಗೇ ಎಸೆದಳು.