ರಾಯವ್ವನ ಕಾರ್ಡಿನ ಮೇಲೆ ಮಾಳವ್ವ

ಮಿರಜದ ಒಂದು ಖಾಸಗಿ ದವಾಖಾನೆ ರಾಯವ್ವನಿಗೆ ಎರಡು ದಿನದ ಕೂಲಿ ಕೊಡುವುದು ಇನ್ನೂ ಬಾಕಿ ಇದೆ. ಔಷಧದ ಪರೀಕ್ಷೆಗೆ ಬಂದವರ ಆ ದಿನದ ಕೂಲಿ ತಾವೇ ಕೊಡುತ್ತೇವೆಂದು ದವಾಖಾನೆಯವರೇ ಕಾಗದದಲ್ಲಿ ಬರೆದಿದ್ದರು. ಆಕೆ ಅದನ್ನು ಕೇಳುವುದನ್ನು ಬಿಟ್ಟಿದ್ದಾಳೆ. ಈಗ ಕೇಳುವುದು ತಂಗಿಯ ಹೆಸರು ಬರೆಯಿರಿ ಎಂದಷ್ಟೇ.

ರಾಯವ್ವ ಅಥಣಿ ಕಡೆಯವಳು. ಗಂಡ ಗಂಗಾರಾಮ ಸಾಂಗ್ಲಿಯಲ್ಲಿ ಹಮಾಲಿ ಮಾಡುತ್ತಲೇ ಸತ್ತ. ಆಮೇಲೆ ತಂಗಿ ಮಾಳವ್ವ ಬಂದು ಜೊತೆಗಿದ್ದಳು. ರಾಯವ್ವನಿಗೆ ಮಿರಜದ ಹತ್ತಿರದ ಬೇಡಗದ ಒಣದ್ರಾಕ್ಷಿ ಶೆಡ್ಡಿನಲ್ಲಿ ಕಡ್ಡಿ ಆರಿಸುವ ಕೆಲಸ. ಶೆಡ್ಡಿನಲ್ಲಿ ಒಂದು ರೂಢಿ: ಒಬ್ಬಳಿಗೆ ಬರಲಾಗದಿದ್ದರೆ ಮನೆಯ ಇನ್ನೊಬ್ಬಳು ಹೋಗಿ ಅವಳ ಹೆಸರಿಗೇ ‘ಹೂಂ’ ಎಂದು ಕೂರುತ್ತಾಳೆ. ಅದಕ್ಕೆ ಬದಲಿ ಎನ್ನುತ್ತಾರೆ. ಮಾಳವ್ವ ಎಷ್ಟೋ ಸಲ ಹಾಗೆ ರಾಯವ್ವನಾಗಿದ್ದಳು.

ರಾಯವ್ವನಿಗೆ ಸಕ್ಕರೆ ಕಾಯಿಲೆ. ದವಾಖಾನೆಯಲ್ಲಿ ಅದಕ್ಕೆ ಹೊಸ ಇಂಜೆಕ್ಷನ್ನಿನ ಪರೀಕ್ಷೆ ನಡೆದಿತ್ತು. ಒಪ್ಪಿಗೆಗೆಂದು ಹನ್ನೆರಡು ಪುಟದ ಮರಾಠಿ ಕಾಗದ. ರಾಯವ್ವನಿಗೆ ಬಜಾರದ ಮರಾಠಿ ಬರುತ್ತದೆ, ಕಾಗದದ ಮರಾಠಿ ಬರುವುದಿಲ್ಲ. ಹೆಸರು ಬರೆದುಕೊಳ್ಳುವ ಹುಡುಗಿ ಧನಶ್ರೀ ಮನೆಯಲ್ಲಿ ಕನ್ನಡ ಕೇಳಿ ಬೆಳೆದವಳು.

“ಮಾವಶಿ, ಔಷಧ ಪುಕಟ. ಇಲ್ಲಿ ಹೆಬ್ಬಟ್ಟ ಒತ್ತರಿ.”

ಒತ್ತಿದಳು. ಈ ಔಷಧ ಇನ್ನೂ ಪರೀಕ್ಷೆಯಲ್ಲಿದೆ, ಇದು ನಿನ್ನ ಮೈಗೆ ಮಾತ್ರ, ಬೇಡವಾದರೆ ಬಿಡಬಹುದು ಎಂದು ಯಾರೂ ಹೇಳಲಿಲ್ಲ. ಕೊಟ್ಟ ಕಾರ್ಡಿನಲ್ಲಿ ಫೋಟೊ ಇರಲಿಲ್ಲ.

ಇಂಜೆಕ್ಷನ್ನಿನ ಮೂರನೆಯ ಸರದಿಯ ಹಿಂದಿನ ದಿನ ಶೆಡ್ಡಿನ ಮೇಲ್ವಿಚಾರಕ, ಮುಕಾದಮ ಧೋಂಡಪ್ಪ ಹೇಳಿದ: “ನಾಳೆ ಮಾಲು ಪರದೇಶಕ್ಕ ಹೊಂಟೈತಿ. ಬದಲಿ ನಡ್ಯಾಂಗಿಲ್ಲ. ನೀನ ಬರಬೇಕು.”

ದವಾಖಾನೆಯಲ್ಲಾದರೂ ಬದಲಿ ನಡೆದೀತೆಂದು ರಾಯವ್ವ ಕಾರ್ಡನ್ನು ತಂಗಿಯ ಕೈಗಿಟ್ಟಳು. “ಅಲ್ಲಿ ಹೋಗಿ ನನ್ನ ಹೆಸರ ಕೆಡಸಬ್ಯಾಡ.”

“ನಿನ್ನ ಹೆಸರೇನ ಬಂಗಾರದ್ದ? ಒಂದ ದಿನ ಹಾಕ್ಕೊಂಡ್ರ ಸವದೀತೇನ?” ಎಂದು ಮಾಳವ್ವ ನಕ್ಕು ಬಸ್ಸು ಹತ್ತಿದಳು.

ಅವಳಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ದವಾಖಾನೆಯಲ್ಲಿ ‘ರಾಯವ್ವ’ ಎಂದು ಕೂಗಿದಾಗ ‘ಹೂಂ’ ಎಂದಳು. ರಕ್ತ ತೆಗೆದರು. ಅದರ ವರದಿ ಬರುವ ಮೊದಲೇ ಕಾರ್ಡು ನೋಡಿ, ಅಕ್ಕನ ಅಳತೆಯ ಔಷಧ ಚುಚ್ಚಿದರು. ಸಂಜೆ ಮಾಳವ್ವ ಬೆವೆತು ಒಲೆಯ ಮುಂದೆ ಬಿದ್ದಳು. ಮತ್ತೆ ಎಚ್ಚರಾಗಲಿಲ್ಲ. ಮೂರನೆಯ ದಿನ ಸತ್ತಳು; ನೆರೆಯವರಾದ ನಾವೇ ಮಣ್ಣು ಮಾಡಿದೆವು.

ಇಂಜೆಕ್ಷನ್ನಿನಿಂದಲೇ ಸತ್ತಳೇ? ನನಗೆ ಗೊತ್ತಿಲ್ಲ. ಯಾರೂ ತನಿಖೆ ಮಾಡಿ ನೋಡಲಿಲ್ಲ, ಅದೇ ನನ್ನ ತಕರಾರು. ನಾವು ಕೇಳಲು ಹೋದಾಗ ಧನಶ್ರೀ ರೆಜಿಸ್ಟರು ತೆರೆದಳು.

“ಮಾಳವ್ವ ಅಂತ ನಮ್ಮಲ್ಲೆ ಯಾರೂ ಇಲ್ಲರಿ. ರಾಯವ್ವ ಮಾವಶಿ ಆರಾಮ ಅದಾರ ಅಂತ ಬರದೈತಿ.”

“ನಾನು ಆರಾಮ ಅದೀನವ್ವ,” ಎಂದಳು ರಾಯವ್ವ. “ಚುಚ್ಚಿದ್ದು ಯಾರಿಗೆ, ಅದನ್ನ ಬರಿ.”

ಬರೆಯಲಿಲ್ಲ. ಬದಲಿ ಕಳಿಸಿದ್ದು ನಿಮ್ಮ ತಪ್ಪು ಎಂದು ಒಳಗಿನಿಂದ ಡಾಕ್ಟರು ಹೇಳಿಕಳಿಸಿದರು. ಆ ತಪ್ಪನ್ನು ರಾಯವ್ವ ಅಲ್ಲೇ ಒಪ್ಪಿಕೊಂಡಳು: “ಹೌದರಿ, ನಾನ ಕಳಿಸೇನಿ.” ಅವರ ತಪ್ಪನ್ನು ಅವರು ಇವತ್ತಿಗೂ ಒಪ್ಪಿಲ್ಲ. ದ್ರಾಕ್ಷಿ ಆರಿಸಲು ಯಾರು ಬಂದರೆಂದು ನೋಡಿದ ಮುಕಾದಮನಷ್ಟು ಎಚ್ಚರ, ಸೂಜಿ ಹಿಡಿದವರಿಗೆ ಇರಲಿಲ್ಲ.

ಇಂಥ ಪರೀಕ್ಷೆಗಳ ಮೇಲೆ ಕಣ್ಣಿಡುವ ನೈತಿಕ ಸಮಿತಿ ಬರುವ ಬುಧವಾರ ಅದೇ ದವಾಖಾನೆಯಲ್ಲಿ ಕೂಡುತ್ತದೆ. ಇದನ್ನು ಓದಿ ‘ಪಾಪ’ ಎಂದು ಮಡಚಿ ಇಡಬೇಡಿ. ಹನ್ನೊಂದು ಗಂಟೆಗೆ ಆ ಬಾಗಿಲಿಗೆ ಬನ್ನಿ, ರಾಯವ್ವನ ಪಕ್ಕದಲ್ಲಿ ನಿಲ್ಲಿ, ಮಾಳವ್ವನ ಹೆಸರು ಬರೆಯುವ ತನಕ ಕದಲಬೇಡಿ.